ಮಲಪ್ರಭೆಯ ದಂಡೆಯಲ್ಲಿ ಕಾಲದ ಒಗಟುಗಳು

ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಹೊಸ್ತಿಲ ಹುಣ್ಣಿಮೆಗೆ ದೇವಿ ವಿಧವೆಯಾಗುತ್ತಾಳೆ. ಜಮದಗ್ನಿ ಹತನಾದದ್ದು ಆ ದಿನ ಎಂಬುದು ನಂಬಿಕೆ. ಪರಂಪರೆಯಿಂದ ಬಂದ ಆಚರಣೆಯಂತೆ ಭಕ್ತೆಯರು ಅಂದು ಬಳೆ ಒಡೆದುಕೊಳ್ಳುತ್ತಾರೆ. ಜನರ ಬಾಯಲ್ಲಿ ಅದು ರಂಡೆ ಹುಣ್ಣಿಮೆ. ನಡುವೆ ಬನದ ಹುಣ್ಣಿಮೆ ಕಳೆದು ಭಾರತ ಹುಣ್ಣಿಮೆ ಬಂದಾಗ ದೇವಿ ಮತ್ತೆ ಮುತ್ತೈದೆ. ಮತ್ತೆ ಬಳೆ, ಮತ್ತೆ ಅರಿಷಿಣ ಕುಂಕುಮ. ಮುಂದಿನ ಹೊಸ್ತಿಲ ಹುಣ್ಣಿಮೆಗೆ ಅದೇ ಸಾವು ಮತ್ತೊಮ್ಮೆ ನಡೆಯುತ್ತದೆ. ಯಾವುದೋ ಯುಗದಲ್ಲಿ ಮುಗಿದುಹೋದ ಘಟನೆಯೊಂದು ಪ್ರತಿ ವರ್ಷವೂ ಹೊಸದಾಗಿ ಆಗುವುದು ಹೇಗೆ? ಗುಡ್ಡಕ್ಕೆ ನಡೆದು ಬರುವವರಿಗೆ ಈ ಪ್ರಶ್ನೆ ತೊಡಕೆನಿಸಿಲ್ಲ. ಅಲ್ಲಿ ಕಾಲ ಸುತ್ತಿ ಬರುತ್ತದೆ, ಅಷ್ಟೆ.

ಇಂಥ ಸುತ್ತುವ ಕಾಲವನ್ನೇ ಬಂಡವಾಳ ಮಾಡಿಕೊಂಡ ಟಿ.ವಿ. ಸರಣಿಗಳು ಈಚೆಗೆ ಜಗತ್ತಿನ ನಿದ್ದೆ ಕೆಡಿಸಿದವು. ಅಮೆರಿಕದ ‘ಲಾಸ್ಟ್’ 2004ರಿಂದ 2010ರವರೆಗೆ ನಡೆಯಿತು. ಅದರ ದ್ವೀಪ ಕೊನೆಕೊನೆಗೆ ಕಾಲದೊಳಗೇ ಜಿಗಿಯತೊಡಗಿತು. 2017ರಲ್ಲಿ ಶುರುವಾದ ಜರ್ಮನಿಯ ‘ಡಾರ್ಕ್’ನಲ್ಲಿ ವಿಂಡನ್ ಎಂಬ ಊರಿನ ಗುಹೆಯನ್ನು ಹೊಕ್ಕವರು 33 ವರ್ಷ ಹಿಂದಕ್ಕೆ ಹೋಗಿ ಹೊರಬರುತ್ತಾರೆ. ಯಾರು ಯಾರ ಮಗ, ಯಾರು ಯಾರ ಅಜ್ಜ ಎಂದು ನೋಡುಗರು ವಂಶವೃಕ್ಷ ಬರೆದುಕೊಂಡು ಕೂತರು. ಕಥೆಗಾರ ಬಿಟ್ಟ ಕಂಡಿಗಳನ್ನು ಮುಂದಿನ ಕಂತಿನೊಳಗೆ ತಾವೇ ಮುಚ್ಚಬೇಕೆಂಬ ಹಟ ಅವರದು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಗೆ ಈ ಹಟ ಬಹಳ ಹಳೆಯದು.

ಸವದತ್ತಿ ಯಲ್ಲಮ್ಮನ ಮಗ ಪರಶುರಾಮನ ಊರಾದರೆ, ರಾಮದುರ್ಗ ತಾಲೂಕಿನ ಸುರೇಬಾನದ ಬಳಿ ಶಬರಿಕೊಳ್ಳವಿದೆ. ಶಬರಿ ರಾಮನಿಗಾಗಿ ಕಾದದ್ದು ಇಲ್ಲೇ ಎನ್ನುತ್ತಾರೆ. ಎರಡೂ ಸ್ಥಳಗಳ ಕತೆ ಬಲ್ಲ ಕೇಳುಗನಿಗೆ ಲೆಕ್ಕವೊಂದು ಎದುರಾಗುತ್ತದೆ. ಪರಶುರಾಮ ರಾಮನಿಗಿಂತ ಹಿಂದಿನವನು. ಆದರೂ ಮದುವೆ ಮುಗಿಸಿ ಅಯೋಧ್ಯೆಗೆ ಹೊರಟ ರಾಮನನ್ನು ದಾರಿಯಲ್ಲಿ ತಡೆಯುತ್ತಾನೆ. ಮುಂದೆ ದ್ವಾಪರದಲ್ಲಿ ಭೀಷ್ಮನಿಗೂ ಕರ್ಣನಿಗೂ ಗುರುವಾಗುತ್ತಾನೆ. ಪುರಾಣ ಇದಕ್ಕೆ ಕೊಟ್ಟ ಉತ್ತರ ಚಿರಂಜೀವಿತನ. ಭಾಗವತದ ರೇವತಿಯ ಕತೆ ಇನ್ನೂ ಸೂಕ್ಷ್ಮ. ಮಗಳಿಗೆ ತಕ್ಕ ವರ ಯಾರೆಂದು ಕೇಳಲು ಕಕುದ್ಮಿ ರಾಜ ಅವಳನ್ನು ಬ್ರಹ್ಮಲೋಕಕ್ಕೆ ಕರೆದೊಯ್ಯುತ್ತಾನೆ. ಸಂಗೀತ ನಡೆದಿತ್ತೆಂದು ಅರೆಗಳಿಗೆ ಕಾಯುತ್ತಾನೆ. ಅಷ್ಟರಲ್ಲಿ ಭೂಮಿಯ ಮೇಲೆ 27 ಚತುರ್ಯುಗಗಳು ಕಳೆದಿರುತ್ತವೆ. ಅವನು ಮನಸ್ಸಿನಲ್ಲಿಟ್ಟುಕೊಂಡಿದ್ದ ವರಗಳೆಲ್ಲ ಹೆಸರಿಲ್ಲದಂತೆ ಅಳಿದಿರುತ್ತಾರೆ. ಕೊನೆಗೆ ರೇವತಿ ಬಲರಾಮನ ಕೈ ಹಿಡಿಯುತ್ತಾಳೆ. ಎಲ್ಲೆಡೆ ಕಾಲ ಒಂದೇ ವೇಗದಲ್ಲಿ ಹರಿಯುವುದಿಲ್ಲ ಎಂಬುದನ್ನು ಈ ಕತೆ ಯಾವ ಯಂತ್ರದ ನೆರವೂ ಇಲ್ಲದೆ ಹೇಳಿಬಿಟ್ಟಿದೆ.

ಪುರಾಣದ ಇಂಥ ತೊಡಕುಗಳನ್ನು ಬಿಡಿಸಲು ಉತ್ತರ ಕರ್ನಾಟಕ ಒಂದು ಕಣವನ್ನೇ ಕಟ್ಟಿಕೊಂಡಿತ್ತು. ಹರದೇಶಿ-ನಾಗೇಶಿ ಎಂದರೆ ಅದೇ. ಹರದೇಶಿ ಮೇಳ ಶಿವ ಹೆಚ್ಚು ಎಂದು ಹಾಡಿದರೆ ನಾಗೇಶಿ ಮೇಳ ಶಕ್ತಿಯೇ ಹೆಚ್ಚು ಎನ್ನುತ್ತದೆ. ಡಪ್ಪು, ತುಂತುಣಿ, ತಾಳದ ಜೊತೆ ಗೀಗೀ ಎಂಬ ಹಿಮ್ಮೇಳದಲ್ಲಿ ರಾತ್ರಿಯಿಡೀ ಸವಾಲು-ಜವಾಬು. ಒಬ್ಬರು ಹಾಡಿನಲ್ಲೇ ಒಗಟು ಒಡ್ಡಬೇಕು, ಎದುರಿನವರು ಹಾಡಿನಲ್ಲೇ ಅದನ್ನು ಒಡೆಯಬೇಕು. ಪುರಾಣದ ಸಂಗತಿ ಬಾಯಲ್ಲಿ ಸಿದ್ಧವಿಲ್ಲದವನು ಕಣದಲ್ಲಿ ಉಳಿಯಲಾರ. ಕೇಳಲು ಕೂತವರೂ ಸುಮ್ಮನಿರುವವರಲ್ಲ. ಯಾವ ಜವಾಬು ನಿಂತಿತು, ಯಾವುದು ಬಿತ್ತು ಎಂಬ ವಾದವನ್ನು ಮನೆಯವರೆಗೂ ಒಯ್ಯುತ್ತಿದ್ದರು. ರಾಮದುರ್ಗ ತಾಲೂಕಿನ ಹುಲಕುಂದದ ಕವಿಗಳು ಗೀಗೀ ಪದಗಳಿಗೆ ಹೆಸರಾದವರು. ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಈ ಹಾಡಿಕೆಯೊಳಗೆ ಗಾಂಧಿ, ಖಾದಿ, ಜೈಲು ಎಲ್ಲವೂ ಬಂದವು. ಪುರಾಣದ ಪಕ್ಕದಲ್ಲೇ ನಿನ್ನೆಯ ಸುದ್ದಿ ಕೂತಿತು. ಪಂಡಿತರ ಗ್ರಂಥಗಳಲ್ಲಿ ಸಿಗದ ವಿಚಾರದ ಚುರುಕು ಈ ಹಾಡುಗಾರರಲ್ಲಿತ್ತು; ಸಾಹಿತ್ಯ ಚರಿತ್ರೆಗಳು ಅವರಿಗೆ ಸಲ್ಲಬೇಕಾದಷ್ಟು ಪುಟಗಳನ್ನು ಇನ್ನೂ ಕೊಟ್ಟಿಲ್ಲ.

ಇದೇ ಸೀಮೆಯ ಇನ್ನೊಂದು ಎಳೆ ಕಾಲಜ್ಞಾನದ್ದು. 12ನೇ ಶತಮಾನದಲ್ಲಿ ಕಲ್ಯಾಣ ಕದಡಿದ ಮೇಲೆ ಚೆನ್ನಬಸವಣ್ಣನ ಜೊತೆ ಶರಣರು ಉಳವಿಯ ಕಡೆ ಹೊರಟರು. ಆ ದಾರಿ ಮಲಪ್ರಭೆಯನ್ನು ಹಾದು ಹೋಗುತ್ತದೆ. ಕಿತ್ತೂರಿನ ಸಮೀಪದ ಕಾದರವಳ್ಳಿಯಲ್ಲಿ ಬೆನ್ನಟ್ಟಿ ಬಂದ ಸೈನ್ಯದೊಡನೆ ಶರಣರು ಕಾದಿದರೆಂದು ಐತಿಹ್ಯ ಹೇಳುತ್ತದೆ. ಎಂ.ಕೆ. ಹುಬ್ಬಳ್ಳಿಯಲ್ಲಿ, ಹೊಳೆಯ ನಡುವೆಯೇ, ಬಸವಣ್ಣನ ಮಡದಿ ಗಂಗಾಂಬಿಕೆಯ ಐಕ್ಯಸ್ಥಳವಿದೆ. ಹೀಗೆ ಸೋತು ಚದುರಿದವರ ನಾಯಕನ ಹೆಸರಿನಲ್ಲೇ ಮುಂದೆ ಕಾಲಜ್ಞಾನದ ವಚನಗಳು ಹಬ್ಬಿದವು. ವೀರ ವಸಂತರಾಯನೆಂಬ ಅರಸ ಬರುತ್ತಾನೆ, ಕಲ್ಯಾಣ ಮತ್ತೆ ಕಲ್ಯಾಣವಾಗುತ್ತದೆ ಎಂಬ ಭರವಸೆ ಅವುಗಳದ್ದು. ಕೊಡೇಕಲ್ ಬಸವಣ್ಣನ ಪರಂಪರೆ ಇದನ್ನು ಇನ್ನಷ್ಟು ಬೆಳೆಸಿತು. ಅಮರಗನ್ನಡ ಎಂಬ ಗುಪ್ತ ಲಿಪಿಯನ್ನೂ ಇಟ್ಟುಕೊಂಡಿತು. ಓದಬಲ್ಲವರು ಕೆಲವರೇ ಎಂದಾದಾಗ ಅರ್ಥ ಹೇಳುವವರ ಮಾತಿಗೆ ತೂಕ ಬಂತು.

ಕಾಲಜ್ಞಾನದ ಕಟ್ಟುಗಳನ್ನು ಚರಿತ್ರೆಕಾರರು ತಳ್ಳಿಹಾಕಲಿಲ್ಲ. ವಿದ್ಯಾರಣ್ಯರ ಹೆಸರಿನಲ್ಲಿರುವ ಸಂಸ್ಕೃತ ಕಾಲಜ್ಞಾನವನ್ನೇ ನೋಡಬಹುದು. 14ನೇ ಶತಮಾನದ ಗುರು ಮುಂದಿನ ರಾಜರನ್ನು ಸಾಲಾಗಿ ಹೇಳುತ್ತಿರುವಂತೆ ಅದರ ರೂಪ. ರಚನೆಯಾದದ್ದು ಮಾತ್ರ ವಿಜಯನಗರ 1565ರಲ್ಲಿ ಬಿದ್ದ ನಂತರ. ನಡೆದುಹೋದದ್ದನ್ನು ನಡೆಯಲಿರುವುದೆಂದು ಬರೆದರೆ ತಪ್ಪಲು ಸಾಧ್ಯವಿಲ್ಲ. ಇಂಥ ಬರಹಗಳ ಕಾಲ ಹಿಡಿಯಲು ವಿದ್ವಾಂಸರ ಬಳಿ ಸರಳವಾದ ಅಳತೆಗೋಲಿದೆ. ಭವಿಷ್ಯವಾಣಿ ಎಲ್ಲಿಯವರೆಗೆ ಸರಿಯಾಗಿ ಸಾಗುತ್ತದೆ, ಎಲ್ಲಿಂದ ಮಸುಕಾಗಿ ದಾರಿ ತಪ್ಪುತ್ತದೆ ಎಂದು ನೋಡಬೇಕು. ಆ ತಿರುವಿನಲ್ಲೇ ಬರೆದವನು ಬದುಕಿದ್ದ.

ಮೈಲಾರದ ಕಾರ್ಣಿಕಕ್ಕೆ ಈ ಅಳತೆ ಒಗ್ಗುವುದಿಲ್ಲ. ಭಾರತ ಹುಣ್ಣಿಮೆಯ ಹೊತ್ತಿಗೆ ನಡೆಯುವ ಜಾತ್ರೆಯಲ್ಲಿ ವ್ರತ ಹಿಡಿದ ಗೊರವಯ್ಯ ಎತ್ತರದ ಬಿಲ್ಲನ್ನೇರಿ, ಲಕ್ಷಾಂತರ ಜನರನ್ನು ಸುಮ್ಮನಿರಿಸಿ, ಒಂದೇ ಸಾಲು ನುಡಿದು ಕೆಳಗೆ ಬೀಳುತ್ತಾನೆ. ಆ ಸಾಲಿಗೆ ತಾರೀಖು ಇಲ್ಲ, ಹೆಸರಿಲ್ಲ. ಒಬ್ಬರಿಗೆ ಅದು ಮಳೆ, ಇನ್ನೊಬ್ಬರಿಗೆ ಪೈರು, ಮತ್ತೊಬ್ಬರಿಗೆ ಬೆಂಗಳೂರಿನ ಕುರ್ಚಿ. ವರ್ಷಪೂರ್ತಿ ಅರ್ಥ ಬೆಳೆಯುತ್ತ ಹೋಗುತ್ತದೆ.

ಇನ್ನು ಈ ಸೀಮೆಯ ಅತ್ಯಂತ ಪ್ರೀತಿಯ ಕಾಲದ ಕತೆ ಸಂಗೊಳ್ಳಿ ರಾಯಣ್ಣನದು. 1824ರ ಅಕ್ಟೋಬರ್ 23ರಂದು ಕಿತ್ತೂರು ಗೆದ್ದಿತು, ಕಲೆಕ್ಟರ್ ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ರಾಣಿ ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಾಳಾಗಿಯೇ 1829ರ ಫೆಬ್ರುವರಿಯಲ್ಲಿ ತೀರಿಕೊಂಡರು. ದತ್ತುಪುತ್ರ ಶಿವಲಿಂಗಪ್ಪನನ್ನು ಗಾದಿಗೇರಿಸಲು ಹೋರಾಡಿದ ರಾಯಣ್ಣನನ್ನು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಲಾಯಿತು. ಅವನು ಹುಟ್ಟಿದ್ದು 1798ರ ಆಗಸ್ಟ್ 15 ಎಂದು ನಾಡು ಜಯಂತಿ ಆಚರಿಸುತ್ತದೆ. ಹುಟ್ಟಿದ್ದು ಸ್ವಾತಂತ್ರ್ಯದ ದಿನ, ಗಲ್ಲಿಗೇರಿದ್ದು ಗಣರಾಜ್ಯದ ದಿನ. ಈ ನೆಲದಲ್ಲಿ ಮತ್ತೆ ಹುಟ್ಟಿ ಬಂದು ಪರಂಗಿಯವರನ್ನು ಓಡಿಸಬೇಕೆಂಬುದು ಅವನ ಕೊನೆಯ ಆಸೆಯಾಗಿತ್ತೆಂಬ ಪ್ರತೀತಿಯನ್ನೂ ಜೊತೆಗಿಟ್ಟರೆ, ದೇಶದ ಕ್ಯಾಲೆಂಡರನ್ನೇ ಅವನು ಮೊದಲು ಬದುಕಿ ತೋರಿಸಿದಂತೆ ಕಾಣುತ್ತದೆ. ವೇದಿಕೆಗಳ ಮೇಲೆ ಈ ಹೊಂದಾಣಿಕೆಯನ್ನು ಹೇಳಿದಾಗ ಸಭೆ ರೋಮಾಂಚನಗೊಳ್ಳುವುದರಲ್ಲಿ ಆಶ್ಚರ್ಯವಿಲ್ಲ.

ಆ ಎರಡು ತಾರೀಖುಗಳು ದೆಹಲಿಗೆ ಬಂದ ದಾರಿಗಳು ಬೇರೆ. ಆಗಸ್ಟ್ 15ನ್ನು ಆರಿಸಿದ್ದು ಮೌಂಟ್‌ಬ್ಯಾಟನ್. 1945ರಲ್ಲಿ ಜಪಾನ್ ಶರಣಾದ ದಿನ ಅದು, ಆಗ ಆತ ಆಗ್ನೇಯ ಏಷ್ಯಾದ ಮಿತ್ರಪಡೆಗಳ ದಂಡನಾಯಕ. ಜನವರಿ 26ರ ಮೂಲ ಲಾಹೋರ್ ಕಾಂಗ್ರೆಸ್ಸಿನ ಪೂರ್ಣ ಸ್ವರಾಜ್ಯದ ನಿರ್ಣಯದಲ್ಲಿದೆ. 1930ರಲ್ಲಿ ಮೊದಲ ಬಾರಿ ಆಚರಿಸಿದ ಆ ದಿನದ ನೆನಪಿಗಾಗಿ, 1949ರ ನವೆಂಬರಿನಲ್ಲೇ ಅಂಗೀಕಾರವಾದ ಸಂವಿಧಾನವನ್ನು 1950ರ ಜನವರಿ 26ರವರೆಗೆ ಕಾಯಿಸಿ ಜಾರಿಗೆ ತಂದರು. ಕಾಲಜ್ಞಾನಕ್ಕೆ ಹಿಡಿದ ಅಳತೆಗೋಲನ್ನು ಇಲ್ಲಿಗೂ ಹಿಡಿಯಬಹುದು. ಎರಡೂ ದಿನಗಳು ರಾಷ್ಟ್ರದ ಹಬ್ಬಗಳಾಗದೆ ಈ ಮಾತು ಹುಟ್ಟುವಂತಿಲ್ಲ. ಆದ್ದರಿಂದ ಅದರ ವಯಸ್ಸು 1950ರಿಂದೀಚೆಯದು.

ರಾಯಣ್ಣನ ಕತೆಯ ಹಳೆಯ ಪದರ ಲಾವಣಿಯಲ್ಲಿದೆ. ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ ಈ ಭಾಗದ ಲಾವಣಿಗಳನ್ನು ಬರೆಸಿಕೊಂಡು 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಹಾಕಿಸಿದಾಗ, ರಾಯಣ್ಣನ ಪದವೂ ಅವುಗಳಲ್ಲಿ ಸೇರಿತ್ತು. ಅದನ್ನು ಹಾಡಿದವರಿಗೆ ಗಣರಾಜ್ಯದ ಕಲ್ಪನೆಯೂ ಇರಲಿಲ್ಲ, ಆಗಸ್ಟ್ 15ಕ್ಕೆ ಯಾವ ಮಹತ್ವವೂ ಇರಲಿಲ್ಲ. ಗಲ್ಲಾಗಿ ಅರುವತ್ತು ವರ್ಷವೂ ತುಂಬದ ಹೊತ್ತಿಗೆ, ಆಳುವ ಸರ್ಕಾರ ಬಂಡಾಯಗಾರನೆಂದು ಕೊಂದ ಮನುಷ್ಯನನ್ನು ಊರೂರಿನಲ್ಲಿ ಹೆಸರು ಹಿಡಿದು ಹಾಡುವವರಿದ್ದರು.