ಕಾಕಾನ ಫೋಟೋದ ಬಾಜೂಕ ಒಂದು ಆಡು

ಹೋದ ತಿಂಗಳ ನಮ್ಮ ಕಾಕಾ ರಿಟೈರ್ ಆದ್ರು. 36 ವರ್ಷ ಮಾಸ್ತರಕಿ ಮಾಡಿದವರು. ಶಾಲು ಹೊದಿಸಿದ ಫೋಟೋ ಮನಿ ಮಂದಿ ವಾಟ್ಸಾಪ್ ಗ್ರೂಪಿನ್ಯಾಗ ಬಂತು. ಎಲ್ಲಾರೂ ಹೂವು, ನಮಸ್ಕಾರ ಹಾಕಿದ್ರು. ನನ್ನ ಮಗಾ ಏನ ಮಾಡಿದಾ, ಕಾಕಾನ ಬಾಜೂಕ ಗಡ್ಡದ ಆಡೊಂದು ಕೂಡಿಸಿ, ಅದರ ತಲಿ ಮ್ಯಾಲೆ ಕಿರೀಟ ಇಟ್ಟು ಮೀಮ್ ಮಾಡಿ ಬಿಟ್ಟಾ. ಕಾಕಾ ಗ್ರೂಪ್ ಬಿಟ್ಟು ಹೋದ್ರು. ಫೋನ್ ಮಾಡಿದ್ರ ಕಾಕು ಎತ್ತಿದ್ರು. "ಇಷ್ಟು ವರ್ಷ ದುಡದಿದ್ದಕ್ಕ ಮನೀ ಹುಡುಗನ ನನ್ನ ಬಕರಾ ಅಂದಾ ಅಂತ ಊಟಾ ಬಿಟ್ಟು ಕೂತಾರವಾ" ಅಂದ್ರು.

ಮಗನ್ನ ಬೈದೆ. ಅಂವಾ ಅಳೂದೊಂದು ಬಾಕಿ. "ಅವ್ವಾ, ಗೋಟ್ ಅಂದ್ರ ಎಲ್ಲಾರಕಿಂತ ದೊಡ್ಡಾಂವ ಅಂತ!" ಇಂಗ್ಲಿಷಿನ 'ಗ್ರೇಟೆಸ್ಟ್ ಆಫ್ ಆಲ್ ಟೈಮ್' ಅನ್ನೋದರ ಮೊದಲ ಅಕ್ಷರ ಕೂಡಿಸಿದ್ರ ಆಡಿನ ಹೆಸರು ಬರತದ. ಅಷ್ಟೂ ಬರಿಯೂ ಬದಲಿ ಈಗಿನ ಹುಡುಗರು ಆಡಿನ ಚಿತ್ರಾನ ಒಗೀತಾರ.

ಇದರ ಬೇರು ಹುಡಿಕ್ಯಾಡಿದೆ ನೋಡ್ರಿ. ಅಮೇರಿಕಾದ ಬಾಕ್ಸರ್ ಮುಹಮ್ಮದ್ ಅಲಿ ತನ್ನ ಬಾಯಿಂದನ ತಾನು 'ದಿ ಗ್ರೇಟೆಸ್ಟ್' ಅಂತ ಸಾರಿಕೋತ ಅಡ್ಡಾಡಿದಾಂವ. ಹಂಗ ಅಂದಾಂವ 1964ರಾಗ ಸನ್ನಿ ಲಿಸ್ಟನ್‌ನ ಸೋಲಿಸಿ ತೋರಿಸಿದಾ, ಆವಾಗ ಅವಗ ಬರೇ 22 ವರ್ಷ. 1992ರಾಗ ಅವನ ಹೆಂಡತಿ ಲೋನಿ ಅಲಿ ಗಂಡನ ಹೆಸರು, ಫೋಟೋದ ಹಕ್ಕು ನೋಡಿಕೊಳ್ಳಲಿಕ್ಕೆ ಇವೇ ನಾಲ್ಕು ಅಕ್ಷರದ ಕಂಪನಿ ತಗದಳು. (ಹೆಣಮಕ್ಕಳ ತಲಿ ನೋಡ್ರಿ!) 2000ದಾಗ ಎಲ್ ಎಲ್ ಕೂಲ್ ಜೆ ಅನ್ನೋ ರ‍್ಯಾಪ್ ಹಾಡುಗಾರ ತನ್ನ ಆಲ್ಬಮ್ಮಿಗೆ ಅದೇ ಹೆಸರಿಟ್ಟಾ. 2018ರ ವಿಶ್ವಕಪ್ಪಿನ ಮುಂದ ಫುಟ್‌ಬಾಲಿನ ಮೆಸ್ಸಿ ಖರೇನ ಆಡಿನ ಜೋಡಿ ನಿಂತು ಫೋಟೋ ತಗಸಿಕೊಂಡಾ.

ಆದ್ರ ನಮ್ಮ ಕಾಕಾ ತಿಳಕೊಂಡಿದ್ದೂ ಪೂರಾ ತಪ್ಪಲ್ಲ. ಅದೇ ಅಮೇರಿಕಾದಾಗ ಮೊದಲ 'ಗೋಟ್' ಅಂದ್ರ ಬೈಗಳನ ಇತ್ತು. ಬೇಸ್‌ಬಾಲ್ ಆಟದಾಗ ಯಾವನ ತಪ್ಪಿನಿಂದ ಸೋತರೋ ಅಂವಗ ಹಂಗ ಅಂತಿದ್ರು. 1986ರಾಗ ಬಾಸ್ಟನ್ ತಂಡದ ಬಿಲ್ ಬಕ್ನರ್‌ನ ಎರಡೂ ಕಾಲಿನ ನಡುವ ಚೆಂಡು ಉಳ್ಳಿ ಹೋತು, ಆ ಮ್ಯಾಚ್ ಕೈ ಬಿಟ್ಟಿತು. ಛಲೋ ಆಟಗಾರನ, ಆದರೂ ಮಂದಿ ಅವಗ ಎಷ್ಟೋ ವರ್ಷ ಆಡಿಕೊಂಡರು, ಜೀವ ತಗೀತೇವಿ ಅಂತ ಬೆದರಿಕೀನೂ ಹಾಕಿದ್ರು. 2008ರಾಗ ಅದೇ ಊರಿನ ಮೈದಾನಕ್ಕ ಕರದಾಗ ಮಂದಿ ಎದ್ದು ನಿಂತು ಚಪ್ಪಾಳಿ ತಟ್ಟಿದ್ರಂತ, ಅಂವಾ ಕಣ್ಣೀರು ಒರಸಿಕೊಂಡಾ. ನಮ್ಮ ಕಡೆ ಹರಕಿ ಕುರಿ, ಬಕರಾ ಅಂತೇವಲ್ಲಾ, ಅದರ ಜಾತೀದ ಮಾತು ಇದು. ಅಲ್ಲಿ ಅದು ಹೊಗಳಿಕಿ ಆಗೇದ, ನಮ್ಮಲ್ಲಿ ಇನ್ನೂ ಬೈಗಳಾನ.

ಮರುದಿನ ಉಂಡಿ ಕಟ್ಟಿಕೊಂಡು ಕಾಕಾನ ಮನಿಗೆ ಹೋಗಿ ಇದೆಲ್ಲಾ ಹೇಳಿದೆ. ಮಾತಾಡಲೇ ಇಲ್ಲ. ಅಲಿ ಹೆಸರು ಬಂದ ಕೂಡ್ಲೆ ಚಷ್ಮಾ ತಗದ್ರು. "ಹೌದನು, ಅಲಿಗೆ ಅಂತಿದ್ದದ್ದೇನು?" ಅಂದ್ರು. ಉಂಡಿ ತಗೊಂಡ್ರು. "ಹಂಗಿದ್ರ ಅವಗ ಹೇಳು, ಮುಂದಿನ ಸಲ ಆಡು ಹಾಕಿದ್ರ ಕೆಳಗ ಕನ್ನಡದಾಗ ಅರ್ಥಾ ಬರೀ ಅಂತ."

ಗ್ರೂಪಿಗೆ ಇನ್ನೂ ಬಂದಿಲ್ಲ. ಮಗಾ ದಿನಾ ಫೋನ್ ಮಾಡ್ಲಿಕತ್ತಾನ.