ಕಿವಿಯೊಳಗಿನ ಅಚ್ಚು: ಶ್ರವಣ ಸಾಧನದ ಸುರಕ್ಷತೆ ಬೆಳೆದು ಬಂದ ಬಗೆ

ಶ್ರವಣ ಸಾಧನದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಅದರ ವಿದ್ಯುತ್ ಭಾಗದ ಕಥೆಯನ್ನೇ ಹೇಳುತ್ತ ಬಂದಿದ್ದಾರೆ. ಇಂಗಾಲದ ಮೈಕ್ರೊಫೋನು, ನಿರ್ವಾತ ನಳಿಕೆ, ಟ್ರಾನ್ಸಿಸ್ಟರು, ಡಿಜಿಟಲ್ ಚಿಪ್ಪು ಎಂಬ ಮೆಟ್ಟಿಲುಗಳಲ್ಲಿ ಆ ಕಥೆ ಸಲೀಸಾಗಿ ಮೇಲೇರುತ್ತದೆ. ಆದರೆ ಆ ಯಂತ್ರವು ದೇಹದೊಳಗೆ ಹೊಗುವುದು ಕಿವಿಯಲ್ಲಿ ಕೂರುವ ಅಚ್ಚು, ತುದಿ ಅಥವಾ ಕವಚದ ಮೂಲಕವೇ ಆದುದರಿಂದ, ಧರಿಸಿದವರಿಗೆ ಆಗುವ ನೋವು, ಗಾಯ, ಕೆರೆತ, ಅತಿಶಬ್ದದ ಹಾನಿ ಇವೆಲ್ಲ ಆ ಪುಟ್ಟ ಭಾಗದ ಸುತ್ತಲೇ ನಡೆಯುತ್ತವೆ. ಅದರ ಸುರಕ್ಷತೆಯ ಇತಿಹಾಸವನ್ನೇ ಬಿಡಿಸಿ ನೋಡಿದಾಗ ಕಾಣುವುದು ಅಷ್ಟು ಸಲೀಸಾದ ಏರಿಕೆಯಲ್ಲ. ಕಿವುಡನ್ನು ಮರೆಮಾಚಬೇಕೆಂಬ ಸಮಾಜದ ಒತ್ತಡವು ಸಾಧನವನ್ನು ಮತ್ತೆ ಮತ್ತೆ ಚಿಕ್ಕದಾಗಿಸಿತು, ಚಿಕ್ಕದಾದಷ್ಟೂ ಅದು ಕಿವಿಯ ಆಳಕ್ಕಿಳಿಯಿತು, ಆಳಕ್ಕಿಳಿದ ಪ್ರತಿ ಹಂತದಲ್ಲೂ ಹುಟ್ಟಿದ ಹೊಸ ಅಪಾಯಕ್ಕೆ ತಡೆ ದೊರೆತದ್ದು ಯಾರಿಗಾದರೂ ನೋವಾದ ಮೇಲೆಯೇ.

ಈ ಮಾತು ಅರ್ಥವಾಗಬೇಕಾದರೆ ಕಿವಿನಾಳದ ರಚನೆಯನ್ನು ಮೊದಲು ತಿಳಿಯಬೇಕು. ವಯಸ್ಕರಲ್ಲಿ ಹೊರಗಿವಿಯ ಬಾಯಿಂದ ಕಿವಿತಮಟೆಯವರೆಗಿನ ಈ ನಾಳ ಸುಮಾರು 25 ಮಿಲಿಮೀಟರು ಉದ್ದವಿದ್ದು, ನೇರವಾಗಿರದೆ ಎರಡು ಕಡೆ ಬಾಗಿರುತ್ತದೆ. ಅದರ ಹೊರಗಿನ ಮೂರನೆಯ ಒಂದು ಭಾಗ ಮೃದ್ವಸ್ಥಿಯಿಂದಾಗಿದ್ದು, ಅಲ್ಲಿನ ಚರ್ಮ ದಪ್ಪ. ರೋಮಗಳೂ ಗುಗ್ಗೆಯನ್ನು ಸ್ರವಿಸುವ ಗ್ರಂಥಿಗಳೂ ಅಲ್ಲಿಯೇ ಇವೆ. ಒಳಗಿನ ಮೂರನೆಯ ಎರಡು ಭಾಗದಲ್ಲಿ ಮೂಳೆಯ ಮೇಲೆ ಕಾಗದದಷ್ಟು ತೆಳುವಾದ ಚರ್ಮ ಮಾತ್ರ ಹಾಸಿರುವುದರಿಂದ ಸಣ್ಣ ಒತ್ತಡವೂ ತೀವ್ರ ನೋವಾಗುತ್ತದೆ, ಚರ್ಮ ಬೇಗ ಹರಿದು ರಕ್ತ ಒಸರುತ್ತದೆ. ಮಿದುಳಿನಿಂದ ಹೊಟ್ಟೆಯವರೆಗೆ ಹರಿಯುವ ವೇಗಸ್ ನರದ ಕವಲೊಂದು ಈ ನಾಳಕ್ಕೂ ಬಂದಿರುವ ಕಾರಣ, ಕಿವಿಯಲ್ಲಿ ಏನಾದರೂ ತಾಗಿದರೆ ಕೆಲವರಿಗೆ ಕೆಮ್ಮು ಬರುವುದುಂಟು. ಮಕ್ಕಳ ನಾಳವಾದರೋ ಗಿಡ್ಡ, ಮೆತ್ತಗಿನದು ಮತ್ತು ಬೆಳೆಯುತ್ತಲೇ ಇರುವಂಥದು.

ವಿದ್ಯುತ್ತಿಗೆ ಹಿಂದಿನ ಕಾಲದ ಕಿವಿಗಹಳೆಗಳಿಂದ ಇಂಥ ಅಪಾಯ ಕಡಿಮೆಯಿತ್ತು. ಲಂಡನ್ನಿನಲ್ಲಿ ಎಫ್. ಸಿ. ರೈನ್ ಎಂಬಾತ 1800ರ ಸುಮಾರಿಗೆ ಆರಂಭಿಸಿದ ಅಂಗಡಿಯು ಗಹಳೆಗಳನ್ನು ವ್ಯಾಪಾರಕ್ಕಾಗಿ ತಯಾರಿಸಿತು. 1819ರಲ್ಲಿ ಪೋರ್ಚುಗಲ್ಲಿನ ದೊರೆ ಆರನೆಯ ಜಾನ್‌ನಿಗಾಗಿ, ತೋಳುಗಳ ಮೂಲಕ ಧ್ವನಿಯನ್ನು ಹಿಡಿದು ಕಿವಿಗೆ ತಲುಪಿಸುವ ಸಿಂಹಾಸನವನ್ನು ಕಟ್ಟಿಕೊಟ್ಟದ್ದೂ ಈ ಅಂಗಡಿಯೇ. ಗಹಳೆಯನ್ನು ಕೈಯಲ್ಲಿ ಹಿಡಿದವರು ಒತ್ತಿದರೆ ನೋಯುವುದೆಂದು ತಾವೇ ಅರಿತು ಹಿಂದೆಗೆಯಬಹುದಾಗಿತ್ತು, ಮತ್ತು ಶ್ವಾಸದ ಬಲವನ್ನಷ್ಟೇ ನಂಬಿದ ಧ್ವನಿ ಕಿವಿಯನ್ನು ಕೆಡಿಸುವಷ್ಟು ಜೋರಾಗುತ್ತಿರಲಿಲ್ಲ. ಮರೆಮಾಚುವ ಹಂಬಲ ಮಾತ್ರ ಆಗಲೇ ಇತ್ತು. ಟೋಪಿ, ಬೀಸಣಿಗೆ, ತಲೆಪಟ್ಟಿಗಳಲ್ಲಿ ಅಡಗಿದ ಗಹಳೆಗಳು ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿ ಉಳಿದಿವೆ. ಮಿಲ್ಲರ್ ರೀಸ್ ಹಚಿಸನ್ 1898ರ ವೇಳೆಗೆ ಅಮೆರಿಕದಲ್ಲಿ ರೂಪಿಸಿದ ವಿದ್ಯುತ್ ಸಾಧನದಲ್ಲಿಯೂ ಧ್ವನಿ ಹೊರಡಿಸುವ ಬಿಲ್ಲೆ, ಎಂದರೆ ರಿಸೀವರು, ದೂರವಾಣಿಯದರಂತೆ ಕಿವಿಯ ಹೊರಗೇ ಇತ್ತು.

ರಿಸೀವರು ಗುಂಡಿಯಷ್ಟು ಸಣ್ಣದಾಗಿ ಕಿವಿಯ ಬಾಯಲ್ಲೇ ಕೂರುವಂತಾದಾಗ ಅದನ್ನು ಹಿಡಿದು ನಿಲ್ಲಿಸುವ ಅಚ್ಚು ಬೇಕಾಯಿತು. ಪ್ರತಿಯೊಬ್ಬರ ಕಿವಿಯ ಆಕಾರವೂ ಬೇರೆಯಾದ್ದರಿಂದ ಅಳತೆ ತೆಗೆದೇ ಅಚ್ಚು ಮಾಡಬೇಕಿತ್ತು, ಮತ್ತು ಬಾಯೊಳಗಿನ ಅಳತೆ ತೆಗೆಯುವ ಕಲೆ ಆಗ ಕರಗತವಾಗಿದ್ದುದು ದಂತವೈದ್ಯರ ಪ್ರಯೋಗಶಾಲೆಗಳಲ್ಲಿ. ಹೀಗಾಗಿ ಕಿವಿಯ ಅಚ್ಚಿನ ವೃತ್ತಿ ಹಲ್ಲುಸೆಟ್ಟಿನ ವೃತ್ತಿಯ ತಮ್ಮನಾಗಿ ಹುಟ್ಟಿತೆಂದರೆ ತಪ್ಪಾಗದು. ಸಾಮಗ್ರಿಗಳೂ ಅಲ್ಲಿಂದಲೇ ಬಂದವು: ಮೊದಲಿಗೆ ಗಂಧಕ ಬೆರೆಸಿ ಕಾಯಿಸಿದ ಗಟ್ಟಿ ರಬ್ಬರು, ಅಂದರೆ ವಲ್ಕನೈಟು, ಆಮೇಲೆ ಅಕ್ರಿಲಿಕ್. ಅಳತೆಗೆ ಬಳಸುತ್ತಿದ್ದ ಪ್ಲಾಸ್ಟರ್ ಆಫ್ ಪ್ಯಾರಿಸ್ ಕಿವಿಯೊಳಗೆ ಕಲ್ಲಿನಂತೆ ಗಟ್ಟಿಯಾಗುತ್ತಿತ್ತು. ನಾಳದ ಬಾಗುಗಳ ಆಚೆಗೆ ಹೋಗಿ ಗಟ್ಟಿಯಾದುದನ್ನು ಹೊರಗೆಳೆಯುವುದು ಎಷ್ಟು ಹಿಂಸೆಯ ಕೆಲಸವಾಗಿದ್ದೀತೆಂಬುದನ್ನು ಆ ನಾಳದ ಚರ್ಮದ ತೆಳುತನ ಬಲ್ಲವರು ಊಹಿಸಬಹುದು. ಬಾಗಿಸಿದರೆ ಬಾಗಿ ಮತ್ತೆ ಮೊದಲಿನ ರೂಪಕ್ಕೆ ಮರಳುವ ಸಿಲಿಕೋನು ಬಳಕೆಗೆ ಬಂದ ಮೇಲೆ ಈ ಹಿಂಸೆ ತಗ್ಗಿತು.

ಅಕ್ರಿಲಿಕ್ ತನ್ನದೇ ತೊಂದರೆಯನ್ನು ತಂದಿತು. ಮಿಥೈಲ್ ಮೆಥಾಕ್ರಿಲೇಟ್ ಎಂಬ ದ್ರವದ ಬಿಡಿ ಅಣುಗಳು ಸರಪಣಿಯಾಗಿ ಕೂಡಿಕೊಂಡಾಗ ಈ ಪ್ಲಾಸ್ಟಿಕ್ ಗಟ್ಟಿಯಾಗುತ್ತದೆ. ಕೂಡಿಕೊಳ್ಳದೆ ಉಳಿದ ಬಿಡಿ ಅಣುಗಳು ಬೆವರಿನ ತೇವದಲ್ಲಿ ಒಸರಿ ಚರ್ಮದಲ್ಲಿ ಕೆರೆತ, ಕೆಂಪು, ನೀರೂರುವ ಹುಣ್ಣುಗಳನ್ನು ಎಬ್ಬಿಸುತ್ತವೆ. ಸಾಕಷ್ಟು ಹೊತ್ತು ಬಿಸಿ ಮತ್ತು ಒತ್ತಡದಲ್ಲಿ ಬೇಯಿಸಿದರೆ ಈ ಶೇಷ ಬಹುಪಾಲು ಇಲ್ಲವಾಗುತ್ತದೆ. ಅಂದರೆ ಒಂದೇ ವಸ್ತುವು ಆತುರದ ಕೈಯಲ್ಲಿ ಹಾನಿಕರವೂ ತಾಳ್ಮೆಯ ಕೈಯಲ್ಲಿ ನಿರಪಾಯವೂ ಆಗುತ್ತಿತ್ತು, ಮತ್ತು ಈ ವ್ಯತ್ಯಾಸ ಧರಿಸುವವರ ಕಣ್ಣಿಗೆ ಕಾಣುವಂಥದ್ದಾಗಿರಲಿಲ್ಲ.

ಅಳತೆ ತೆಗೆಯುವ ಕ್ರಮದಲ್ಲಿ ಬೇರೂರಿದ ಒಂದು ಸಣ್ಣ ಉಪಾಯವನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ಮೆದುವಾದ ಹಿಟ್ಟನ್ನು ಕಿವಿಗೆ ತುಂಬುವ ಮೊದಲು, ನಾಳದ ಎರಡನೆಯ ಬಾಗಿನ ಆಚೆಗೆ ದಾರ ಕಟ್ಟಿದ ಹತ್ತಿ ಅಥವಾ ಸ್ಪಂಜಿನ ತುಂಡೊಂದನ್ನು ಇಡುತ್ತಾರೆ. ಇದಿಲ್ಲದೆ ತುಂಬಿದ ಹಿಟ್ಟು ತಮಟೆಗೆ ಅಂಟಿಕೊಳ್ಳಬಹುದು. ತಮಟೆಯಲ್ಲಿ ತೂತಿದ್ದರೆ ಅದರ ಮೂಲಕ ನಡುಗಿವಿಗೆ ನುಗ್ಗಿ, ಅಲ್ಲಿನ ಸೂಕ್ಷ್ಮ ಮೂಳೆಗಳ ಸುತ್ತ ಗಟ್ಟಿಯಾಗಿ, ಶಸ್ತ್ರಕ್ರಿಯೆಯಿಂದಲೇ ತೆಗೆಯಬೇಕಾಗಬಹುದು. ಹಾಗೆ ತೆಗೆಯಬೇಕಾದ ಪ್ರಸಂಗಗಳನ್ನು ಕಿವಿವೈದ್ಯರು ತಮ್ಮ ನಿಯತಕಾಲಿಕಗಳಲ್ಲಿ ಪದೇ ಪದೇ ದಾಖಲಿಸಿದ್ದಾರೆ. ಮೊದಲು ಕಿವಿಯೊಳಗನ್ನು ಬೆಳಕಿನಲ್ಲಿ ನೋಡುವುದು, ಆಮೇಲೆ ತಡೆ ಇಡುವುದು, ಕೊನೆಗೆ ಹಿಟ್ಟು ತುಂಬುವುದು ಎಂಬ ಅನುಕ್ರಮ ಗಟ್ಟಿಯಾದುದರ ಹಿಂದೆ ಇಂಥ ಅನುಭವಗಳಿವೆ. ಕನ್ನಡ ನಾಡಿನಲ್ಲಿ ಈ ಶಿಸ್ತಿಗೆ ನೆಲೆ ಒದಗಿಸಿದ್ದು 1965ರಲ್ಲಿ ಮೈಸೂರಿನಲ್ಲಿ ಆರಂಭವಾದ, ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಶ್ರವಣತಜ್ಞರ ಜತೆಗೆ, ಶ್ರವಣ ಸಾಧನ ಮತ್ತು ಕಿವಿಯ ಅಚ್ಚಿನ ತಂತ್ರಜ್ಞರನ್ನೂ ಅದು ಡಿಪ್ಲೊಮಾ ಮಟ್ಟದಲ್ಲಿ ತರಬೇತುಗೊಳಿಸುತ್ತ ಬಂದಿದೆ. ಎಲ್ಲರಿಗೂ ಒಂದೇ ಅಳತೆಯ ಸಿದ್ಧ ತುದಿ ಕೊಟ್ಟು ಕಳಿಸುವುದಕ್ಕೂ ಅಳತೆಯ ಅಚ್ಚು ಮಾಡಿಕೊಡುವುದಕ್ಕೂ ಇರುವ ಅಂತರವನ್ನು ಬಲ್ಲವರು ಈ ತಂತ್ರಜ್ಞರ ದುಡಿಮೆಗೆ ಸಿಗಬೇಕಾದ ಮನ್ನಣೆ ಇನ್ನೂ ಸಿಕ್ಕಿಲ್ಲವೆಂದೇ ಹೇಳಬೇಕಾಗುತ್ತದೆ.

ಅಚ್ಚು ಬಿಗಿಯಾಗಿ ಕೂತಂತೆ ಶಬ್ದವೂ ಬಲವಾಗಿ ಒಳಹೊಕ್ಕಿತು. ಉಳಿದಿರುವ ಅಲ್ಪಸ್ವಲ್ಪ ಶ್ರವಣವನ್ನು ಸಾಧನವೇ ಕೆಡಿಸಬಹುದೆಂಬ ಆತಂಕವನ್ನು 1960ರ ದಶಕದ ಸಂಶೋಧಕರು ಗಂಭೀರವಾಗಿ ಪರಿಶೀಲಿಸಿದರು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 1977ರ ನಿಯಮದಲ್ಲಿ, 132 ಡೆಸಿಬೆಲ್ಲನ್ನು ಮೀರಿ ಧ್ವನಿ ಹೊರಡಿಸಬಲ್ಲ ಸಾಧನಗಳಿಗೆ ವಿಶೇಷ ಎಚ್ಚರಿಕೆಯನ್ನು ಕಡ್ಡಾಯಗೊಳಿಸಿತು. ಅದು ತಡೆಯಾಗಿರಲಿಲ್ಲ, ಬರೀ ಸೂಚನೆಯಾಗಿತ್ತು.

ಎಲ್ಲಕ್ಕಿಂತ ನೋವಿನ ಅಧ್ಯಾಯ ಬ್ಯಾಟರಿಯದು. ನಿರ್ವಾತ ನಳಿಕೆಯ ಸಾಧನಗಳಿಗೆ ಹಲವು ಹತ್ತು ವೋಲ್ಟಿನ ಬ್ಯಾಟರಿಯನ್ನು ಸೊಂಟದಲ್ಲೋ ತೊಡೆಯಲ್ಲೋ ಕಟ್ಟಿಕೊಳ್ಳಬೇಕಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸ್ಯಾಮ್ಯುಯೆಲ್ ರೂಬೆನ್ ಸೈನ್ಯದ ಉಪಯೋಗಕ್ಕೆ ರೂಪಿಸಿದ ಪಾದರಸದ ಕೋಶ ಮತ್ತು 1952ರ ಕೊನೆಯಲ್ಲಿ ಸಾಧನದೊಳಗೆ ಬಂದ ಟ್ರಾನ್ಸಿಸ್ಟರು ಒಟ್ಟಾಗಿ ಆ ಹೊರೆಯನ್ನು ಇಳಿಸಿದವು. 1950ರ ದಶಕ ಮುಗಿಯುವಷ್ಟರಲ್ಲಿ ಇಡೀ ಯಂತ್ರ ಕಿವಿಯ ಹಿಂದಕ್ಕೂ ಕಿವಿಯೊಳಕ್ಕೂ ಸರಿಯಿತು. ಬ್ಯಾಟರಿ ಮಾತ್ರೆಯಷ್ಟಾಯಿತು, ಮತ್ತು ಮಾತ್ರೆಯಂತೆಯೇ ನುಂಗಲ್ಪಟ್ಟಿತು. ಮುದುಕರು ಔಷಧವೆಂದು ಭ್ರಮಿಸಿ ನುಂಗಿದರೆ, ಮಕ್ಕಳು ತಮ್ಮ ಕಿವಿಯ ಸಾಧನದಿಂದಲೇ ತೆಗೆದು ಬಾಯಿಗೆ ಹಾಕಿಕೊಂಡರು. ವಾಷಿಂಗ್ಟನ್ನಿನಲ್ಲಿ 1982ರಲ್ಲಿ ಇದಕ್ಕೆಂದೇ ತೆರೆದ ದೂರವಾಣಿ ಸಹಾಯಕೇಂದ್ರದ ಕಡತಗಳನ್ನು ಆಧರಿಸಿ ಟೋಬಿ ಲಿಟೊವಿಟ್ಸ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ 2,382 ಪ್ರಸಂಗಗಳ ವಿಶ್ಲೇಷಣೆಯಲ್ಲಿ, ನುಂಗಿದ ಕೋಶಗಳಲ್ಲಿ ಶೇಕಡಾ 45ರಷ್ಟು ಶ್ರವಣ ಸಾಧನಕ್ಕೆ ಸೇರಿದವು. ಅವುಗಳಲ್ಲಿ ಸುಮಾರು ಮೂರರಲ್ಲೊಂದು, ಮಗು ತನ್ನದೇ ಸಾಧನದಿಂದ ಬಿಚ್ಚಿಕೊಂಡಿದ್ದಂಥದು.

ಇಲ್ಲಿ ಕೋಶದ ಗಾತ್ರ ಒಂದು ಅಪಾಯವಾದರೆ ವಿದ್ಯುತ್ತು ಇನ್ನೊಂದು. ತೇವವಾದ ಅಂಗಾಂಶಕ್ಕೆ ಅಂಟಿ ನಿಂತ ಕೋಶದ ಋಣ ಧ್ರುವದ ಬಳಿ ಕ್ಷಾರ ಉತ್ಪತ್ತಿಯಾಗಿ, ಅದು ಮಾಂಸವನ್ನು ಕರಗಿಸುತ್ತ ಒಳಗಿಳಿಯುತ್ತದೆ. ಕಿವಿಯಲ್ಲಿ ಬಿಡಿ ಕೋಶ ಸಿಕ್ಕಿಕೊಂಡಾಗ ಔಷಧದ ಹನಿ ಹಾಕಿದರೆ ಆ ದ್ರವವೇ ಈ ಕ್ರಿಯೆಯನ್ನು ಹೆಚ್ಚಿಸಿ ತಮಟೆಯನ್ನು ತೂತಾಗಿಸಬಹುದಾದ್ದರಿಂದ, ಹನಿ ಹಾಕದೆ ತಕ್ಷಣ ಹೊರತೆಗೆಯಬೇಕೆಂಬುದು ವೈದ್ಯರ ನಿಯಮವಾಯಿತು. 1977ರಿಂದ ಬಳಕೆಗೆ ಬಂದ, ಗಾಳಿಯ ಆಮ್ಲಜನಕವನ್ನು ಬಳಸಿಕೊಳ್ಳುವ ಸತುವಿನ ಕೋಶಗಳು ಪಾದರಸದ ವಿಷವನ್ನು ಬಹಳ ಮಟ್ಟಿಗೆ ದೂರಮಾಡಿದವು. ಪಾದರಸ ಆಕ್ಸೈಡಿನ ಗುಂಡಿ ಕೋಶಗಳ ಮಾರಾಟವನ್ನು ಅಮೆರಿಕ 1996ರಲ್ಲಿ ನಿಷೇಧಿಸಿತು. ಬ್ಯಾಟರಿಯ ಬಾಗಿಲಿಗೆ ಸಲಕರಣೆಯಿಲ್ಲದೆ ತೆರೆಯಲಾಗದ ಬೀಗ ಇಡುವ ಕ್ರಮ ಮಕ್ಕಳ ಸಾಧನಗಳಲ್ಲಿ ನಿಧಾನವಾಗಿ ನೆಲೆಗೊಂಡಿತು. ಆದರೂ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯು 2019ರ ಡಿಸೆಂಬರಿನಷ್ಟು ಈಚೆಗೆ, ಪುಟ್ಟ ಮಕ್ಕಳ ಸಾಧನಗಳ ಬ್ಯಾಟರಿಗಳ ಬಗ್ಗೆ ರಾಷ್ಟ್ರಮಟ್ಟದ ಸುರಕ್ಷತಾ ಎಚ್ಚರಿಕೆ ಹೊರಡಿಸಬೇಕಾಗಿ ಬಂತು. ಅಷ್ಟು ಸರಳವಾದ ಬೀಗ ಎಲ್ಲ ಮಕ್ಕಳನ್ನೂ ತಲುಪಲು ಇಷ್ಟು ದಶಕಗಳು ಹಿಡಿದದ್ದು ಈ ಉದ್ಯಮದ ಪಾಲಿಗೆ ಗೌರವದ ಸಂಗತಿಯಲ್ಲ.

ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ 1983ರಲ್ಲಿ ಕಿವಿಯೊಳಗಿನ ಸಾಧನ ಧರಿಸಿದ್ದು ಸುದ್ದಿಯಾದಾಗ ಅಂಥ ಸಾಧನಗಳ ಬೇಡಿಕೆ ಏರಿತು. ಮುಂದಿನ ದಶಕದಲ್ಲಿ ನಾಳದೊಳಗೆ ಪೂರ್ಣವಾಗಿ ಅಡಗುವ ಮಾದರಿಗಳು ಬಂದವು. ಅವುಗಳನ್ನು ಬೆರಳಿಂದ ಹಿಡಿಯಲು ಬಾರದ್ದರಿಂದ ಎಳೆದು ತೆಗೆಯಲು ತುದಿಯಲ್ಲಿ ಗುಬುಟುಳ್ಳ ನೈಲಾನ್ ಎಳೆಯೊಂದನ್ನು ಸೇರಿಸಲಾಯಿತು. ಬಲಗಿವಿಗೆ ಕೆಂಪು, ಎಡಗಿವಿಗೆ ನೀಲಿ ಎಂಬ ಗುರುತಿನ ಬಣ್ಣಗಳೂ, ಒಂದರ ಅಚ್ಚನ್ನು ಇನ್ನೊಂದಕ್ಕೆ ಒತ್ತಿ ಗಾಯಮಾಡಿಕೊಳ್ಳದಂತೆ ಕಾಯುತ್ತವೆ. 2003ರ ಸುಮಾರಿಗೆ ತೆಳುವಾದ ಕೊಳವೆಯ ತುದಿಯಲ್ಲಿ ಸಿಲಿಕೋನಿನ ಪುಟ್ಟ ಗುಮ್ಮಟವಿರುವ ಸಾಧನಗಳು ಹರಡತೊಡಗಿ, ಅಳತೆಯ ಅಚ್ಚೇ ಬೇಡವೆನ್ನುವಷ್ಟು ಸುಲಭವಾದವು. ಆದರೆ ಆ ಗುಮ್ಮಟ ಕಳಚಿ ನಾಳದಲ್ಲೇ ಉಳಿಯತೊಡಗಿದ್ದರಿಂದ ಅದನ್ನು ಭದ್ರವಾಗಿ ಕಚ್ಚಿಹಿಡಿಯುವ ಅಂಚುಗಳನ್ನು ವಿನ್ಯಾಸಕಾರರು ಮತ್ತೆ ರೂಪಿಸಬೇಕಾಯಿತು.

ವೈದ್ಯರ ಚೀಟಿಯಿಲ್ಲದೆ ಅಂಗಡಿಯಲ್ಲಿ ಕೊಳ್ಳಬಹುದಾದ ಸಾಧನಗಳಿಗೆ ಅಮೆರಿಕ 2022ರ ಆಗಸ್ಟಿನಲ್ಲಿ ಪ್ರಕಟಿಸಿದ ನಿಯಮದಲ್ಲಿ ಈ ಎಲ್ಲ ಪಾಠಗಳು ಒಂದೆಡೆ ಸೇರಿವೆ. ಧ್ವನಿಯ ಗರಿಷ್ಠ ಮಿತಿಯನ್ನು 111 ಡೆಸಿಬೆಲ್ಲಿಗೆ, ಒಳಬರುವ ಧ್ವನಿಗೆ ತಕ್ಕಂತೆ ವರ್ಧನೆಯನ್ನು ತಾನೇ ತಗ್ಗಿಸಿಕೊಳ್ಳುವ ವ್ಯವಸ್ಥೆಯಿದ್ದರೆ 117ಕ್ಕೆ, ಅದು ನಿಲ್ಲಿಸಿತು. ತುದಿಗಳು ಗಾಯಮಾಡದ ವಸ್ತುವಿನವಾಗಿರಬೇಕೆಂದಿತು. ಸಾಧನದ ಅತ್ಯಂತ ಒಳಗಿನ ಭಾಗವೂ ತಮಟೆಯಿಂದ ಕನಿಷ್ಠ 10 ಮಿಲಿಮೀಟರು ದೂರದಲ್ಲಿ ಉಳಿಯುವಂತೆ ವಿನ್ಯಾಸ ಇರಬೇಕೆಂದಿತು. 1977ರಲ್ಲಿ ಬರೀ ಸೂಚನೆಯಾಗಿದ್ದುದು ಈ ವರ್ಗದ ಸಾಧನಗಳಿಗಾದರೂ ದಾಟಲಾಗದ ಗೆರೆಯಾಯಿತು. ಹದಿನೆಂಟು ತುಂಬದವರನ್ನು ಆ ನಿಯಮ ಹೊರಗಿಟ್ಟಿದೆ. ಎಳೆಗೂಸಿನ ಕಿವಿ ಬೆಳೆದಂತೆಲ್ಲ ಕೆಲವೇ ತಿಂಗಳಿಗೊಮ್ಮೆ ಹೊಸ ಅಚ್ಚು ಬೇಕಾಗುವುದರಿಂದ, ದಾರ ಕಟ್ಟಿದ ಆ ಸ್ಪಂಜಿನ ತುಂಡನ್ನು ಸರಿಯಾದ ಜಾಗದಲ್ಲಿ ಇಡಬಲ್ಲ ತರಬೇತಾದ ಕೈಗಳ ಕೆಲಸ ಅಲ್ಲಿ ಹಾಗೆಯೇ ಮುಂದುವರಿದಿದೆ.