ಹರಿಯುವ ನೀರು ತಾನಾಗಿಯೇ ಶುದ್ಧವಾಗುತ್ತದೆಯೇ? ಸಕಲೇಶಪುರದ ಹಳ್ಳಗಳ ಕಥೆ

"ನಿಂತ ನೀರು ಕೊಳೆಯುತ್ತದೆ, ಹರಿಯುವ ನೀರು ಕಲ್ಲಿಗೆ ಬಡಿದು ತಾನೇ ಶುದ್ಧವಾಗುತ್ತದೆ. ಬೆಟ್ಟದ ಹಳ್ಳದ ನೀರನ್ನು ಧೈರ್ಯವಾಗಿ ಕುಡಿಯಿರಿ." ಇಂಥ ಮೆಸೇಜು ನಿಮ್ಮ ಗ್ರೂಪಿಗೂ ಬಂದಿರಬಹುದು. ಇದು ಪೂರ್ತಿ ಸುಳ್ಳಲ್ಲ. ಅರ್ಧ ನಿಜ, ಅದಕ್ಕೇ ಅಪಾಯಕಾರಿ.

ನಿಜ ಏನೆಂದರೆ, ನೀರು ಕಲ್ಲುಗಳ ಮೇಲೆ ಧುಮುಕುವಾಗ ಗಾಳಿಯ ಆಮ್ಲಜನಕ ಅದರಲ್ಲಿ ಕರಗುತ್ತದೆ. ಆ ಆಮ್ಲಜನಕವನ್ನು ಬಳಸಿಕೊಂಡು ಬ್ಯಾಕ್ಟೀರಿಯಾಗಳು ಕೊಳೆಯನ್ನು ತಿಂದು ಮುಗಿಸುತ್ತವೆ. ಆದರೆ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರಿನಲ್ಲಿ ಹೆಚ್ಚೆಂದರೆ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಕರಗಿರುತ್ತದೆ. ಹಳ್ಳದ ಜೇಬಿನಲ್ಲಿರುವ ಹಣ ಅಷ್ಟೇ. ಖರ್ಚು ಅದಕ್ಕಿಂತ ಹೆಚ್ಚಾದರೆ ಮೀನು ಸಾಯುತ್ತವೆ, ನೀರು ನಾರುತ್ತದೆ.

ಖರ್ಚು ಎಷ್ಟೆಂದು ಅಳೆಯುವ ಲೆಕ್ಕಕ್ಕೆ ಬಿಒಡಿ ಎನ್ನುತ್ತಾರೆ, ಅಂದರೆ ಕೊಳೆಯನ್ನು ತಿನ್ನಲು ಬ್ಯಾಕ್ಟೀರಿಯಾಗಳಿಗೆ ಬೇಕಾಗುವ ಆಮ್ಲಜನಕ. ಮನೆಗಳ ಚರಂಡಿ ನೀರಿನಲ್ಲಿ ಇದು ಲೀಟರಿಗೆ ಸುಮಾರು 200ರಿಂದ 300 ಮಿಲಿಗ್ರಾಂ. ಇನ್ನು ಸಕಲೇಶಪುರ, ಆಲೂರು ಕಡೆಯ ತೋಟಗಳಲ್ಲಿ ಕಾಫಿ ಹಣ್ಣನ್ನು ಪಲ್ಪಿಂಗ್ ಮಾಡಿದಾಗ ಬರುವ ನೀರನ್ನು ನೋಡಿ. ಹಣ್ಣಿನ ಸಕ್ಕರೆ, ಲೋಳೆಯ ಪೆಕ್ಟಿನ್ ಎಲ್ಲವೂ ಅದರಲ್ಲೇ ಇರುವುದರಿಂದ ಬಿಒಡಿ ಸಾವಿರಾರು ಮಿಲಿಗ್ರಾಂ ದಾಟುತ್ತದೆ. 4,000 ಎಂದೇ ಇಟ್ಟುಕೊಳ್ಳಿ. ಅಂಥ ಒಂದೇ ಲೀಟರ್ ನೀರು 500 ಲೀಟರ್ ಶುದ್ಧ ಹಳ್ಳದ ನೀರಿನ ಆಮ್ಲಜನಕವನ್ನು ಖಾಲಿ ಮಾಡಬಲ್ಲದು! ಸಾಲದ್ದಕ್ಕೆ ಪಲ್ಪಿಂಗ್ ನಡೆಯುವುದು ಡಿಸೆಂಬರ್‌ನಿಂದ ಫೆಬ್ರುವರಿವರೆಗೆ, ಹಳ್ಳಗಳು ಸೊರಗುವ ಹೊತ್ತಿನಲ್ಲಿ. ಮಳೆಗಾಲದಲ್ಲಾದರೆ ತಡೆದುಕೊಳ್ಳುತ್ತಿದ್ದ ಹೊರೆಯನ್ನು ಜನವರಿಯ ಹಳ್ಳ ತಡೆಯಲಾರದು.

ಈ ನೀರು ಕೆಲವೊಮ್ಮೆ ಕಪ್ಪಾಗಿ ಕಾಣುತ್ತದೆ. ಅದರ ಫೋಟೋ ಹಾಕಿ "ಕೆಮಿಕಲ್ ಫ್ಯಾಕ್ಟರಿಯ ವಿಷ" ಎಂದು ಫಾರ್ವರ್ಡ್ ಮಾಡುವ ಮುನ್ನ ತಡೆಯಿರಿ. ಕಾಫಿ ಹಣ್ಣಿನಲ್ಲೇ ಇರುವ ಪಾಲಿಫೀನಾಲ್‌ಗಳು ಹುಳಿ ಕಡಿಮೆಯಾದಂತೆ ಕಪ್ಪುಗಟ್ಟುತ್ತವೆ. ಹಾಗೆಂದು "ಸಹಜ ವಸ್ತು ತಾನೇ, ಏನೂ ಆಗಲ್ಲ" ಎನ್ನುವುದೂ ತಪ್ಪು. ಮೀನನ್ನು ಕೊಲ್ಲುವುದು ಬಣ್ಣವಲ್ಲ, ಉಸಿರು ಕಟ್ಟಿಸುವ ಸಕ್ಕರೆ.

ಹೋಂಸ್ಟೇ, ರೆಸಾರ್ಟ್‌ಗಳ ಶೌಚದ ನೀರಿನ ಕಥೆ ಬೇರೆ. ಇಲ್ಲಿ ಚಿಂತೆ ಆಮ್ಲಜನಕಕ್ಕಿಂತ ರೋಗಾಣುಗಳದ್ದು. ಟೈಫಾಯ್ಡ್ ಬ್ಯಾಕ್ಟೀರಿಯಾ, ಹೆಪಟೈಟಿಸ್ ಎ ವೈರಸ್ ಕಲ್ಲಿಗೆ ಬಡಿದರೆ ಸಾಯುವುದಿಲ್ಲ. ನೀರಿನಲ್ಲಿ ದಿನಗಟ್ಟಲೆ, ಕೆಲವು ವಾರಗಟ್ಟಲೆ ಉಳಿಯುತ್ತವೆ. "ನಮ್ಮಲ್ಲಿ ಸೆಪ್ಟಿಕ್ ಟ್ಯಾಂಕ್ ಇದೆ" ಎಂಬ ಉತ್ತರವೂ ಸಾಲದು. ಟ್ಯಾಂಕ್ ಗಟ್ಟಿ ಕೊಳೆಯನ್ನು ತಳಕ್ಕೆ ಇಳಿಸುತ್ತದೆ, ಹೊರಬರುವ ನೀರು ಇನ್ನೂ ರೋಗಾಣುಗಳಿಂದ ತುಂಬಿರುತ್ತದೆ. ಅದನ್ನು ಸೋಸಬೇಕಾದದ್ದು ಇಂಗುಗುಂಡಿಯ ಸುತ್ತಲಿನ ಮಣ್ಣು. ಮಲೆನಾಡಿನ ಇಳಿಜಾರಿನಲ್ಲಿ, ಜುಲೈ ಮಳೆಗೆ ನೆಂದು ತುಂಬಿದ ಮಣ್ಣು ಎಷ್ಟು ಸೋಸೀತು?

ಇನ್ನು ದೋಣಿವಿಹಾರ. ಬೇಲೂರಿನ ಬಳಿಯ ಯಗಚಿ ಹಿನ್ನೀರಿನಂಥ ಕಡೆ ಓಡುವ ತೆರೆದ ದೋಣಿಗಳಲ್ಲಿ ಶೌಚಾಲಯವೇ ಇರುವುದಿಲ್ಲ, ಆದ್ದರಿಂದ ನೋಡಬೇಕಾದದ್ದು ದಡದ ಶೌಚಾಲಯ ಮತ್ತು ಎಂಜಿನ್ ಎಣ್ಣೆ. ಆಲಪ್ಪುಳದ ಹೌಸ್‌ಬೋಟ್‌ಗಳದು ಹಾಗಲ್ಲ, ಅವುಗಳ ಟ್ಯಾಂಕನ್ನು ಪಂಪ್ ಮಾಡಿ ದಡದ ಸಂಸ್ಕರಣಾ ಘಟಕಕ್ಕೆ ಕಳಿಸಬೇಕು. ಅಮೆರಿಕದಲ್ಲಂತೂ ದಡದಿಂದ 3 ನಾಟಿಕಲ್ ಮೈಲಿಯೊಳಗೆ ದೋಣಿಯ ಸಂಸ್ಕರಿಸದ ಶೌಚ ನೀರನ್ನು ಬಿಡುವಂತಿಲ್ಲ. ಸಮುದ್ರಕ್ಕೇ ಈ ನಿಯಮ!

ಪಲ್ಪಿಂಗ್ ನೀರಿಗೆ ಪರಿಹಾರ ಇಲ್ಲದಿಲ್ಲ. ಮೊದಲು ಸುಣ್ಣ ಹಾಕಿ ಹುಳಿ ಕಳೆಯುತ್ತಾರೆ, ತಳ ಕೂರಿಸುತ್ತಾರೆ. ನಂತರ ಗಾಳಿಯಿಲ್ಲದ ಹೊಂಡದಲ್ಲಿ ಬ್ಯಾಕ್ಟೀರಿಯಾಗಳಿಗೆ ತಿನ್ನಲು ಬಿಟ್ಟು, ಕೊನೆಗೆ ಗಾಳಿಯಾಡಿಸುತ್ತಾರೆ. ಕಡಿಮೆ ನೀರಿನ ಪಲ್ಪರ್ ಯಂತ್ರಗಳೂ ಇವೆ. ನನ್ನ ಮಟ್ಟಿಗೆ ಅದೇ ಜಾಣತನ, ಕೊಳೆಯಾಗದ ನೀರನ್ನು ಶುದ್ಧ ಮಾಡಬೇಕಾಗಿಯೇ ಇಲ್ಲವಲ್ಲ.

"ಹರಿಯುವ ನೀರಿಗೆ ದೊಣೆನಾಯಕನ ಅಪ್ಪಣೆ ಏಕೆ" ಎಂಬ ಗಾದೆ ಕುಡಿಯುವವರಿಗೆ. ಕೊಳಚೆ ಬಿಡುವವರಿಗೆ 1974ರ ಜಲ ಕಾಯ್ದೆಯ ಪ್ರಕಾರ ಮಾಲಿನ್ಯ ನಿಯಂತ್ರಣ ಮಂಡಳಿಯ ಅಪ್ಪಣೆ ಬೇಕೇ ಬೇಕು. ನದಿ, ಹಳ್ಳಗಳಿಗೆ ಬಿಡುವ ನೀರಿನ ಬಿಒಡಿಗೆ ದೇಶದ ಸಾಮಾನ್ಯ ಮಿತಿ ಲೀಟರಿಗೆ 30 ಮಿಲಿಗ್ರಾಂ.

ಈ ಹಳ್ಳಗಳು ಸೇರುವ ಹೇಮಾವತಿ ಸಕಲೇಶಪುರ ಪೇಟೆಯನ್ನು ಹಾದು ಗೊರೂರು ಜಲಾಶಯದಲ್ಲಿ ನಿಲ್ಲುತ್ತದೆ. ಅಲ್ಲಿಂದ ಹಾಸನಕ್ಕೆ, ನಾಲೆಯಲ್ಲಿ ತುಮಕೂರಿಗೂ ಕುಡಿಯಲು ಹೋಗುತ್ತದೆ. ಚಾರಣಕ್ಕೆ ಹೋದಾಗ ಹಳ್ಳದ ನೀರು ಕನ್ನಡಿಯಂತೆ ತಿಳಿಯಾಗಿದ್ದರೂ, ಕುದಿ ಬಂದ ಮೇಲೆ ಒಂದು ನಿಮಿಷ ಚೆನ್ನಾಗಿ ಕುದಿಸಿಯೇ ಕುಡಿಯಿರಿ. ರೋಗಾಣು ಸಾಯುತ್ತವೆ. ಎಣ್ಣೆ, ಕೀಟನಾಶಕ ಬೆರೆತಿದ್ದರೆ ಮಾತ್ರ ಕುದಿಸಿದರೂ ಹೋಗುವುದಿಲ್ಲ, ಅಂಥ ನೀರನ್ನು ಮುಟ್ಟಬೇಡಿ.